ಓನರ್ ಹಾಕಿದ ನಾಮಿನೇಷನ್ ರಿಫ್ಯೂಸ್ ಆಗಿದೆ: ಅಪೀಲಾ, ಹೊಸ ಅರ್ಜಿಯಾ?

ಮೆಲ್ಬರ್ನ್ ಒಗ್ಗರಣೆ: ನಾನು ಮೆಲ್ಬರ್ನಿನ ಒಂದು ಸೌತ್ ಇಂಡಿಯನ್ ವೆಜ್ ಹೋಟೆಲಲ್ಲಿ ಷೆಫ್. ಆಸ್ಟ್ರೇಲಿಯಾದ 482 ವೀಸಾಗೆ (ಓನರ್ ಸ್ಪಾನ್ಸರ್ ಮಾಡೋ ತಾತ್ಕಾಲಿಕ ಕೆಲಸದ ವೀಸಾ) ಓನರ್ ಹಾಕಿದ್ದ ನಾಮಿನೇಷನ್, ಅಂದ್ರೆ ಈ ಹುದ್ದೆಗೆ ನನ್ನನ್ನ ಹೆಸರಿಸಿದ ಅರ್ಜಿ, ಇಮಿಗ್ರೇಷನ್ ಇಲಾಖೆಲಿ ರಿಫ್ಯೂಸ್ ಆಯ್ತು. ನಮ್ಮದು 'ಲಿಮಿಟೆಡ್ ಸರ್ವಿಸ್ ರೆಸ್ಟೋರೆಂಟ್' ಅಂತೆ, ಫಾಸ್ಟ್ ಫುಡ್ ಜಾತಿ. ಅಂಥಲ್ಲಿ ಷೆಫ್ ಹುದ್ದೆ ಕೊಡಲ್ವಂತೆ. ನನ್ನ ವೀಸಾ ಅರ್ಜಿ ಇನ್ನೂ ಪೆಂಡಿಂಗ್. ಓನರ್ 'ಅಪೀಲ್ ಬೇಡ, ಹೊಸದಾಗಿ ಹಾಕೋಣ' ಅಂತಾರೆ. ಏನ್ಮಾಡ್ಲಿ?

ಪ್ಯಾರಮಟ್ಟ ರಾವ್: ಅಪೀಲೇ ಹಾಕಿಸಿ. ಇಲಾಖೆ ತೀರ್ಮಾನ ಮರುಪರಿಶೀಲಿಸೋ ಟ್ರಿಬ್ಯೂನಲ್‌ನವರು ಮೊದಲಿಂದ ನೋಡ್ತಾರೆ, ಹೊಸ ದಾಖಲೆನೂ ಕೊಡಬಹುದು. ಆದ್ರೆ ಹಾಕಬೇಕಾದವರು ಓನರ್, ನೀವಲ್ಲ. 28 ದಿನ ದಾಟಿದ್ರೆ ಮುಗೀತು.

ಟಾರ್ನೀಟ್ ಗೌಡ: 28 ಅಲ್ಲ ಸ್ವಾಮಿ, 21. ನಮ್ ಕಸಿನ್‌ಗೆ 21 ಅಂತ್ಲೇ ಲೆಟರ್ ಬಂದಿತ್ತು.

ಪ್ಯಾರಮಟ್ಟ ರಾವ್: ಅದು ಹಳೇ ಟ್ರಿಬ್ಯೂನಲ್ ಎಎಟಿ ಕಾಲ. 2024ರ ಅಕ್ಟೋಬರ್ 14ಕ್ಕೆ ಎಎಟಿ ಹೋಗಿ ಎಆರ್‌ಟಿ ಬಂತು. ಈಗ 28.

ಟಾರ್ನೀಟ್ ಗೌಡ: ಬೋರ್ಡ್ ಬದ್ಲಾದ್ರೆ ಕ್ಯೂ ಕರಗೋಯ್ತದಾ? ಎಎಟಿಲಿ ಬಾಕಿ ಇದ್ದವೆಲ್ಲ ಇಲ್ಲಿಗೇ ಬಂದವೆ. ಅಪೀಲ್ ಫೀಸು 3,500 ಡಾಲರ್ ಆಸುಪಾಸು. ಹೊಸ ನಾಮಿನೇಷನ್‌ಗೆ 330. ಲೆಕ್ಕ ನೀವೇ ಹಾಕ್ಕೊಳಿ.

ಬ್ರಿಸ್ಬೇನ್ ಅಕ್ಕ: 330 ಹೇಳಿ, ನಾಮಿನೇಷನ್ ಜೊತೆ ಓನರ್ ಸರ್ಕಾರಕ್ಕೆ ಕಟ್ಟೋ ಟ್ರೇನಿಂಗ್ ಲೆವಿ ನುಂಗಿಬಿಟ್ರಲ್ಲ ಗೌಡ್ರೆ! ಸಣ್ಣ ಬಿಸಿನೆಸ್ ಆದ್ರೂ ವರ್ಷಕ್ಕೆ 1,200. ನಾಲ್ಕು ವರ್ಷಕ್ಕೆ 4,800, ಒಂದೇ ಕಂತು. ಅಪೀಲ್ ಗೆದ್ರೆ ಅರ್ಧ ಫೀಸು ವಾಪಸ್ ಬರುತ್ತೆ.

ಟಾರ್ನೀಟ್ ಗೌಡ: 'ಗೆದ್ರೆ'. ಸರಿ ಅಕ್ಕ, ಗೆದ್ಮೇಲೆ ಹೇಳಿ.

ಧಾರವಾಡ ಫೇಡೆ: ರೊಕ್ಕದ ಮಾತು ಆಮ್ಯಾಲೆ. ಒಗ್ಗರಣೆಯವರ, ಗಿರಾಕಿ ಕೌಂಟರಿಗೆ ಬಂದು ಆರ್ಡರ್ ಕೊಡ್ತಾರೋ, ನೀವು ಟೇಬಲಿಗೆ ಹೋಗಿ ಬರಕೋತೀರೋ?

ಮೆಲ್ಬರ್ನ್ ಒಗ್ಗರಣೆ: ಕೌಂಟರಲ್ಲಿ ದುಡ್ಡು ಕೊಟ್ಟು ನಂಬರ್ ತಗೋತಾರೆ, ದೋಸೆ ಟೇಬಲಿಗೆ ನಾವೇ ಒಯ್ತೀವಿ. ಶನಿವಾರ ಭಾನುವಾರ ಬಾಳೆಎಲೆ ಊಟ, ಅದು ಪೂರ್ತಿ ಬಡಿಸೋದೇ.

ಧಾರವಾಡ ಫೇಡೆ: ಹಂಗಾದ್ರ ಅದು ದರ್ಶಿನಿ. ಇಲಾಖೆದೇನು ತಪ್ಪಿಲ್ಲ ಬಿಡ್ರಿ.

ಉಡುಪಿ ಭಟ್ರು: ದರ್ಶಿನಿಯೋ? ಮಾರಾಯ್ರೆ, ದರ್ಶಿನಿಯಲ್ಲಿ ನಿಂತು ತಿನ್ನುವುದು. ಅಕ್ಕಿ ಉದ್ದು ನೆನೆಹಾಕಿ, ರುಬ್ಬಿ, ರಾತ್ರಿಯಿಡೀ ಹುಳಿ ಬರಿಸಿ ಮರುದಿನ ಕಾವಲಿಗೆ ಹೊಯ್ಯುವುದು ಫಾಸ್ಟ್ ಫುಡ್ಡಾ? ಮೆಲ್ಬರ್ನಿನ ಜುಲೈ ಚಳಿಯಲ್ಲಿ ಹಿಟ್ಟು ಉಬ್ಬಿಸಿ ನೋಡಿ, ಗೊತ್ತಾಗ್ತದೆ. ಭಾರತದ ಜೊತೆಗಿನ ವ್ಯಾಪಾರ ಒಪ್ಪಂದದಲ್ಲೇ ವರ್ಷಕ್ಕೆ 1,800 ಜನ ಸಾಂಪ್ರದಾಯಿಕ ಷೆಫ್‌ಗಳಿಗೆ ಅವಕಾಶ ಉಂಟು.

ಧಾರವಾಡ ಫೇಡೆ: ಆ 1,800ರೊಳಗ ಯೋಗ ಮಾಸ್ತರರೂ ಅದಾರ, ಅದನ್ಯಾಕ ಬಿಟ್ರಿ? ಒಪ್ಪಂದ ಐತಿ ಅಂತ ಕೌಂಟರ್ ಹೋಗಿ ರೆಸ್ಟೋರೆಂಟ್ ಆಗಂಗಿಲ್ಲ.

ಟಾರ್ನೀಟ್ ಗೌಡ: ನಿಂತು ತಿನ್ನೋದಂತೆ! ಬೆಂಗಳೂರಲ್ಲಿ ಎಷ್ಟೋ ದರ್ಶಿನೀಲಿ ಈಗ ಕುರ್ಚಿ ಹಾಕವ್ರೆ. ಭಟ್ರು ಇನ್ನೂ ಎಂಬತ್ತರ ದಶಕದಲ್ಲೇ ಅವ್ರೆ.

ಉಡುಪಿ ಭಟ್ರು: ಕುರ್ಚಿ ಹಾಕಿದರೆ ಅದು ಸೆಲ್ಫ್ ಸರ್ವಿಸ್ ಹೋಟೆಲು, ದರ್ಶಿನಿ ಅಲ್ಲ. ನಮ್ಮದು ಮೂರು ತಲೆಮಾರಿನ ಹೋಟೆಲಿನ ಮನೆ. ನೀವು ನನಗೆ ಕಲಿಸುವುದು ಬೇಡ.

ಟಾರ್ನೀಟ್ ಗೌಡ: ಹೋಟೆಲ್ ಅಂದ್ರೆ ನಿಮ್ಗೇ ಖಾತೆ ಆಗ್ಬಿಟ್ಟಿದ್ಯಾ? ಮದ್ದೂರು ವಡೆ ಯಾವ ಜಿಲ್ಲೇದು ಹೇಳಿ ನೋಡುವ.

ಬ್ರಿಸ್ಬೇನ್ ಅಕ್ಕ: ವಡೆ ಎಲ್ಲಿಂದ ಬಂತಪ್ಪ ಇಲ್ಲಿ! ಆ ಹುಡುಗನ ವೀಸಾ ಹೋಗ್ತಿದೆ. ಒಗ್ಗರಣೆ, ಬಾಳೆಎಲೆ ಊಟದ ಬಿಲ್ಲು, ಮೆನು, ಬಡಿಸೋರ ರೋಸ್ಟರು, ಫೋಟೊ ಎಲ್ಲ ಜೋಡಿಸ್ಕೊಳ್ಳಿ. ನಾಳೆಯಿಂದ್ಲೇ ಟೇಬಲ್ಲಲ್ಲಿ ಆರ್ಡರ್ ಬರ್ಕೊಳ್ಳೋಕೆ ಶುರು ಮಾಡ್ಲಿ ನಿಮ್ಮ ಓನರ್.

ಧಾರವಾಡ ಫೇಡೆ: ಶುರು ಮಾಡ್ಲಿ ಅಂದ್ರ? ಟ್ರಿಬ್ಯೂನಲ್ ಮುಂದ ನಾಟಕ ಆಡಂತ ಹೇಳಾಕತ್ತೀರೇನು?

ಬ್ರಿಸ್ಬೇನ್ ಅಕ್ಕ: ಹೋಟೆಲ್ ಸುಧಾರಿಸೋದು ನಾಟಕ ಆದ್ರೆ ನಿಮಗೆ ನಮಸ್ಕಾರ. ಕುಹಕ ಬಿಟ್ಟು ಬೇರೆ ಏನೂ ಬರಲ್ವಾ?

ಪ್ಯಾರಮಟ್ಟ ರಾವ್: ಮುಖ್ಯವಾದ್ದು ಎಲ್ರೂ ಮರೆತ್ರಿ. 482ರಲ್ಲಿ ಓನರ್ ಅಪೀಲ್ ಹಾಕದೇ ಇದ್ದು, ಬೇರೆ ನಾಮಿನೇಷನ್ ಮಂಜೂರಾಗೋ ಮೊದಲೇ ವೀಸಾ ರಿಫ್ಯೂಸ್ ಆದ್ರೆ, ಅದರ ಮೇಲೆ ಒಗ್ಗರಣೆ ಟ್ರಿಬ್ಯೂನಲ್ ಮೆಟ್ಟಿಲು ಹತ್ತೋಕೂ ಆಗಲ್ಲ. ಓನರ್ ಸುಮ್ನಿದ್ರೆ ಇವರ ಬಾಗಿಲೂ ಬಂದ್.

ಟಾರ್ನೀಟ್ ಗೌಡ: ವೀಸಾ ಇನ್ನೂ ರಿಫ್ಯೂಸ್ ಆಗಿಲ್ವಲ್ಲ! 482ಕ್ಕೆ ಹೊಸ ನಾಮಿನೇಷನ್ ಹಾಕಿ ಅದೇ ಅರ್ಜಿಗೆ ಜೋಡಿಸ್ಬೋದು. ಕಾಯಂ ವಾಸದ 186 ವೀಸಾ ಆಗಿದ್ರೆ ಬೇರೆ ಮಾತು.

ಧಾರವಾಡ ಫೇಡೆ: ಹೊಸಾದಕ್ಕ, ಇಲ್ಲಿಯವರು ಸಿಗಂಗಿಲ್ಲ ಅಂತ ತೋರಸಾಕ, ಕೆಲಸದ ಜಾಹೀರಾತು ಬೇಕಲ್ರಿ. ಅರ್ಜಿಗಿಂತ ಹಿಂದಿನ ಆರು ತಿಂಗಳೊಳಗ ಕಡಿಮಿ ಅಂದ್ರ 28 ದಿನ. ಹಳೇ ಜಾಹೀರಾತಿನ ಅವಧಿ ಮುಗಿದಿದ್ರ ಮತ್ತ 28 ದಿನ ಹಾಕಬೇಕು, ಅಷ್ಟ್ರಾಗ ಅಪೀಲಿನ 28 ದಿನ ಖಲಾಸ್.

ಟಾರ್ನೀಟ್ ಗೌಡ: ಮುಗಿದಿದ್ರ ಅಂತ ತಾನೆ? ಮುಗಿದಿಲ್ದೆ ಇದ್ರೆ?

ಪ್ಯಾರಮಟ್ಟ ರಾವ್: ಅದಕ್ಕೇ ಎರಡೂ ಹಾಕಿ ಅನ್ನೋದು. ಒಂದಕ್ಕೊಂದು ಅಡ್ಡ ಬರಲ್ಲ. ಲೆಟರಲ್ಲಿ ತಾರೀಕು ಏನಿದೆ?

ಮೆಲ್ಬರ್ನ್ ಒಗ್ಗರಣೆ: ಲೆಟರ್ ಓನರ್ ಮೇಲ್‌ಗೆ ಬಂದಿದ್ದು ಸರ್, ನಾನು ನೋಡಿಲ್ಲ. ಕೇಳಿದ್ರೆ 'ಏಜೆಂಟ್ ನೋಡ್ಕೋತಾನೆ' ಅಂತಾರೆ. ಎರಡೂ ಹಾಕೋದಾದ್ರೆ ಹೊಸ ಲೆವಿ ನೀನೇ ಕೊಡು ಅಂತಾನೂ ಅಂದ್ರು.

ಬ್ರಿಸ್ಬೇನ್ ಅಕ್ಕ: ಏನು? ಲೆವಿ ಕೆಲಸಗಾರನ ಕೈಲಿ ಕಟ್ಟಿಸೋದು ಕಾನೂನಿಗೆ ವಿರುದ್ಧ! ಒಂದು ಪೈಸೆ ಕೊಡಬೇಡಿ. ಮೊದಲು ಆ ಲೆಟರ್ ಕೈಗೆ ತಗೊಂಡು ನಿಮ್ಮದೇ ಬೇರೆ ಏಜೆಂಟ್ ಹತ್ರ ಹೋಗಿ.

ಟಾರ್ನೀಟ್ ಗೌಡ: ಬೇರೆ ಏಜೆಂಟ್ ಏನು ಬಿಟ್ಟಿ ಬರ್ತಾನಾ ಅಕ್ಕ?

ಉಡುಪಿ ಭಟ್ರು: ಗೌಡ್ರೆ, ಕುರ್ಚಿ ಇರುವ ಆ ದರ್ಶಿನಿ ಯಾವ ಬೀದಿಯಲ್ಲಿದೆ, ಹೆಸರು ಹೇಳಿ.