ಗೇರ್ ಎಣ್ಣೆಯ ‘ಕಾವು’ 95 ಡಿಗ್ರಿ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ನಮ್ಮ ಅಪಾರ್ಟ್‌ಮೆಂಟಿನ ಡ್ರೈವರುಗಳಿಗೆಂದು ಆಟೋಮ್ಯಾಟಿಕ್ ಕಾರಿನ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ತಿರುಗುಬಲವನ್ನು ಫ್ಲೂಯಿಡ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಗಾಡಿಗಳಷ್ಟೇ, ಎಎಂಟಿಯ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ತಾನಾಗಿ ಬದಲಾಯಿಸುವ ಬಗೆ) ಕತೆ ಬೇರೆ. ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಗೇರ್‌ಬಾಕ್ಸಿನ ಫ್ಲೂಯಿಡ್‌ಗೆ ‘ದ್ರವ’ ಎಂದು ಬರೆದಿದ್ದೆ. ಓದಿದ ಡ್ರೈವರಣ್ಣ ‘ನೀರಾ ಸಾರ್?’ ಅಂದರು. ‘ತೈಲ’ ಪೆಟ್ರೋಲ್ ಬೆಲೆಯ ಸುದ್ದಿಗೆ ಅಂಟಿಕೊಂಡುಬಿಟ್ಟಿದೆ. ತೈಲ ಬಂದದ್ದು ತಿಲದಿಂದ, ಎಣ್ಣೆ ಬಂದದ್ದು ಎಳ್ + ನೆಯ್‌ಯಿಂದ. ಎರಡೂ ಎಳ್ಳಿನವೇ ಆದಮೇಲೆ ಬಾಯಲ್ಲಿರುವುದೇ ಇರಲಿ ಎಂದು ‘ಗೇರ್ ಎಣ್ಣೆ’ ಮಾಡಿದೆ. (ಬರೀ ‘ಎಣ್ಣೆ’ ಅಂದರೆ ನಗುತ್ತಾರೆ, ಯಾಕೆಂದು ಹೇಳಬೇಕಿಲ್ಲ.)

ತೊಡಕಿರುವುದು ಟೆಂಪರೇಚರ್‌ನಲ್ಲಿ. ‘ತಾಪಮಾನ’ ಹವಾಮಾನ ವರದಿಯ ಮಾತು, ‘ಉಷ್ಣತೆ’ ಪಠ್ಯಪುಸ್ತಕದ್ದು. ಗ್ಯಾರೇಜಿನಲ್ಲಿ ‘ಆಯಿಲ್ ಕಾದಿದೆ’ ಅಂತಾರೆ. ಈ ‘ಕಾಯು’ ನನಗೆ ಬಲು ಹಿಡಿಸಿತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ‘ಡಿ’ (ಡ್ರೈವ್) ಗೇರಿನಲ್ಲೇ ಬ್ರೇಕ್ ಒತ್ತಿ ನಿಂತರೆ ಕನ್ವರ್ಟರಿನ ಇಂಜಿನ್ ಕಡೆಯ ಚಕ್ರ ಸುತ್ತುತ್ತಲೇ ಇರುತ್ತದೆ, ಗೇರ್ ಕಡೆಯದು ನಿಂತಿರುತ್ತದೆ. ನಡುವೆ ಸಿಕ್ಕ ಎಣ್ಣೆಯನ್ನು ಕಡೆದು ಕಡೆದು ಬಿಸಿ ಮಾಡುತ್ತದೆ. ಎಣ್ಣೆ ತಣಿಸುವ ಕೂಲರ್‌ಗೆ ಓಡುವ ಗಾಡಿಯ ಗಾಳಿಯೂ ಇಲ್ಲ. ನಾವೂ ಕಾಯುತ್ತೇವೆ, ಎಣ್ಣೆಯೂ ಕಾಯುತ್ತದೆ! ‘ಕಾಯಿಸು’ ಅಂದರೂ ಹಾಗೆಯೇ, ಹಾಲನ್ನೂ ಕಾಯಿಸಬಹುದು, ನೆಂಟರನ್ನೂ ಕಾಯಿಸಬಹುದು. ತಮಿಳಿನಲ್ಲಿ ಕಾಪಾಡುವುದಕ್ಕೆ ‘ಕಾ’, ಬಿಸಿಯೇರುವುದಕ್ಕೆ ‘ಕಾಯ್’ ಎಂದು ಬೇರೆಬೇರೆ ಉಳಿದಿವೆ. ನಮ್ಮಲ್ಲಿ ಎರಡು ಧಾತುಗಳು ಒಂದೇ ರೂಪಕ್ಕೆ ಬಂದು ನಿಂತಿವೆ ಎಂಬುದು ನನ್ನ ಎಣಿಕೆ. ತಿಳಿದವರು ತಿದ್ದಿ.

ಈಗ ಪ್ರಶ್ನೆ. ಕ್ರಿಯಾಪದ ಸಿಕ್ಕಿತು, ನಾಮಪದ? ‘ಚುನಾವಣೆಯ ಕಾವು’, ‘ಕೋಳಿ ಕಾವಿಗೆ ಕೂತಿದೆ’ ಎಲ್ಲ ಸರಿ. ಆದರೆ ಕಾವಿನ ಪಕ್ಕ ಅಂಕಿ ಕೂರುತ್ತದೆಯೇ? ‘ಗೇರ್ ಎಣ್ಣೆಯ ಕಾವು ಸುಮಾರು 80ರಿಂದ 95 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ, 115 ದಾಟಿದರೆ ಎಣ್ಣೆ ಬೇಗ ಕೆಡುತ್ತದೆ’ ಎಂಬ ವಾಕ್ಯ ನಿಮ್ಮ ಕಿವಿಗೆ ಹೇಗಿದೆ? ಕಾವು ಅನುಭವದ ಮಾತು, ಅಳತೆಯದಲ್ಲ ಎಂದು ನನ್ನಾಕೆಯ ತಕರಾರು. ‘ಬಿಸಿ ಎಷ್ಟಿದೆ?’ ಎಂದು ಕೇಳುವವರು ‘ಕಾವು ಎಷ್ಟಿದೆ?’ ಎಂದೂ ಕೇಳಬಲ್ಲರು ಎಂದು ನನ್ನ ವಾದ.

ಇನ್ನೊಂದು. ಹೆಚ್ಚು ಕಾದು ಕೆಟ್ಟ ಈ ಎಣ್ಣೆ ಕೆಂಪು ಹೋಗಿ ಕಂದಾಗುತ್ತದೆ, ಮೂಗಿಗೂ ಗೊತ್ತಾಗುತ್ತದೆ. ಆ ವಾಸನೆಗೆ ‘ಕಮಟು’ ಎಂದು ಬರೆದಿದ್ದೆ. ಅದು ಹಳೇ ಕೊಬ್ಬರಿ ಎಣ್ಣೆಯದು, ಇದು ‘ಸೀದ’ ವಾಸನೆ ಎಂದು ಅದೇ ಡ್ರೈವರಣ್ಣ ತಿದ್ದಿದರು. ನಿಮ್ಮ ಊರಿನ ಕಡೆ ಏನನ್ನುತ್ತೀರಿ?