ಹೊಸ ಗಿಡವನ್ನು ‘ವಿವರಿಸುವುದು’ ಅಂದರೆ ಯಾರಿಗೆ?

ನಮಸ್ಕಾರ. ಒಂದೇ ಒಂದು ಕ್ರಿಯಾಪದದಿಂದಾಗಿ ಎರಡು ದಿನದಿಂದ ನನ್ನ ಅನುವಾದ ಮುಂದೆ ಹೋಗಿಲ್ಲ.

ಬರಹ ಇರುವುದು ಪೆರು ದೇಶದ ಫ್ರಾಗ್ಮಿಪೀಡಿಯಮ್ ಕೊವಾಚಿಐ ಎಂಬ ಆರ್ಕಿಡ್ ಬಗ್ಗೆ. ನೇರಳೆ ಮಿಶ್ರಿತ ಗುಲಾಬಿ ಹೂ, ಅಂಗೈಗಿಂತ ಅಗಲ. ತುಟಿ ಎಂದು ಕರೆಯುವ ಎಸಳು ಇದರಲ್ಲಿ ಎಲೆಅಡಿಕೆ ಸಂಚಿಯ ಹಾಗೆ ಉಬ್ಬಿಕೊಂಡಿರುತ್ತದೆ. ಇದು 2002ರಲ್ಲಿ ‘ಡಿಸ್ಕ್ರೈಬ್’ ಆಯಿತು ಎಂದು ಮೂಲದಲ್ಲಿದೆ. ನಾನು ‘ವಿವರಿಸಲಾಯಿತು’ ಅಂತ ಬರೆದೆ. ತಂಗಿ ಓದಿ ಕೇಳಿದಳು: “ಯಾರಿಗೆ ವಿವರಿಸಿದ್ರು ಅಣ್ಣಾ?”

ಅವಳು ಕೇಳಿದ್ದು ಸರಿ. ‘ಪತ್ತೆಯಾಯಿತು’ ಅನ್ನೋಣವೆಂದರೆ ಅದೂ ಸುಳ್ಳಾಗುತ್ತದೆ. 2002ರ ಮೇ ತಿಂಗಳಲ್ಲಿ ಮೈಕೇಲ್ ಕೊವಾಚ್ ಎಂಬ ಅಮೆರಿಕದವರು ಮೊಯೊಬಾಂಬಾ ಊರಿನ ಆಸುಪಾಸಿನಲ್ಲಿ ಈ ಗಿಡವನ್ನು ಕೊಂಡಿದ್ದೇ ರಸ್ತೆಬದಿಯ ಅಂಗಡಿಯಲ್ಲಿ! ಮಾರುವವರಿಗೆ ಗೊತ್ತಿದ್ದ ಗಿಡ ಇನ್ನು ಪತ್ತೆಯಾಗುವುದು ಹೇಗೆ? ಜೂನ್ 5ರಂದು ಅದು ಫ್ಲಾರಿಡಾದ ಮೇರಿ ಸೆಲ್ಬಿ ಸಸ್ಯೋದ್ಯಾನ ತಲುಪಿತು. ಜೂನ್ 12ಕ್ಕೆ, ಗಿಡಕ್ಕೆ ‘ಕೊವಾಚಿಐ’ ಎಂದು ಹೆಸರು ಕೊಟ್ಟು ಆಟ್‌ವುಡ್, ಡಾಲ್‌ಸ್ಟ್ರೋಮ್ ಮತ್ತು ಫರ್ನಾಂಡಿಸ್ ಎಂಬ ಮೂವರು ಬರೆದ ಬರಹ ಅಚ್ಚಾಯಿತು. ಅದೇ ಗಿಡಕ್ಕೆ ಕ್ರಿಸ್ಟೆನ್ಸನ್ ಎಂಬುವರು ‘ಪೆರುವಿಯಾನಮ್’ ಎಂಬ ಹೆಸರು ಸಿದ್ಧಮಾಡಿಕೊಂಡಿದ್ದರು. ಅವರದು ಅಚ್ಚಾಗಿದ್ದು ಕೆಲವೇ ದಿನ ತಡವಾಗಿ. ಮೊದಲು ಅಚ್ಚಾದ ಹೆಸರೇ ನಿಲ್ಲಬೇಕು ಎಂಬುದು ನಿಯಮ, ಹಾಗಾಗಿ ಅವರ ಹೆಸರು ಬಿದ್ದುಹೋಯಿತು. (ಪರವಾನಗಿಯಿಲ್ಲದೆ ಗಿಡ ತಂದದ್ದಕ್ಕೆ ಆಮೇಲೆ ಕೇಸಾಯಿತು. ಅದು ಬೇರೆ ಕಥೆ.)

ಅಂದರೆ ಇಲ್ಲಿ ‘ಡಿಸ್ಕ್ರೈಬ್’ ಎನ್ನುವುದು ಸುಮ್ನೆ ವಿವರ ಕೊಡುವುದಲ್ಲ. ಹೊಸ ಗಿಡದ ಲಕ್ಷಣ ಬರೆದು, ಹೆಸರಿಟ್ಟು ಅಚ್ಚುಹಾಕುವ ಕಾರ್ಯ ಅದು, ಅದಕ್ಕೆ ತಾರೀಖು ಇದೆ. ಜಮೀನು ಕೊಂಡ ಮೇಲೆ ಖಾತೆ ಮಾಡಿಸಿದ ಹಾಗೆ.

ನನಗೆ ತೋಚಿದ ಪದಗಳು ಒಂದೂ ಪೂರ್ತಿ ಕೂರುತ್ತಿಲ್ಲ. ‘ವರ್ಣಿಸು’, ‘ಬಣ್ಣಿಸು’ ಅಂದರೆ ಚಂದ್ರೋದಯ, ವಸಂತ ನೆನಪಾಗುತ್ತವೆ. ಕವಿಯ ಕೆಲಸ ಅದು. ಎಲೆಯ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆಯುವವರು ಕವಿಗಳಲ್ಲ ಅಲ್ವಾ! ‘ದಾಖಲಿಸು’ ಹತ್ತಿರ ಬರುತ್ತದೆ. ಆದರೆ ಈಗಾಗಲೇ ಹೆಸರಿರುವ ಹಕ್ಕಿಯೊಂದು ಹೊಸ ಜಾಗದಲ್ಲಿ ಕಂಡಾಗಲೂ ‘ದಾಖಲಾಗಿದೆ’ ಅಂತಲೇ ಬರೆಯುತ್ತೇವೆ. ಎರಡೂ ಕಲಸಿಹೋಗುತ್ತದೆ. ‘ಹೆಸರಿಡು’ ನನಗೆ ಜಾಸ್ತಿ ಇಷ್ಟ. ಆದರೆ ಲಕ್ಷಣ ಬರೆಯದೆ ಹೆಸರು ಮಾತ್ರ ಅಚ್ಚುಹಾಕಿದರೆ ಆ ಹೆಸರಿಗೆ ಮಾನ್ಯತೆ ಇಲ್ಲ. ಅಂಥದ್ದನ್ನು ಲ್ಯಾಟಿನ್‌ನಲ್ಲಿ ‘ನೋಮೆನ್ ನೂಡಮ್’ ಅನ್ನುತ್ತಾರೆ, ಬೆತ್ತಲೆ ಹೆಸರು. ಇದಕ್ಕೆ ಮಾತ್ರ ಕನ್ನಡ ಚೆನ್ನಾಗಿ ಒದಗಿತು: ಬರಿಗಾಲು, ಬರಿಗೈ ಇದ್ದಂತೆ ‘ಬರಿಹೆಸರು’.

ಇನ್ನೊಂದು ತೊಡಕು ‘ಡಯಾಗ್ನೋಸಿಸ್’. ಈ ಗಿಡ ತನ್ನ ನೆಂಟ ಗಿಡಗಳಿಗಿಂತ ಯಾವುದರಲ್ಲಿ ಬೇರೆ ಎಂದು ಹೇಳುವ ನಾಲ್ಕು ಸಾಲು ಅದು. 2011ರ ಕೊನೆಯವರೆಗೂ ಲಕ್ಷಣದ ಭಾಗವನ್ನು ಲ್ಯಾಟಿನ್‌ನಲ್ಲೇ ಬರೆಯಬೇಕಿತ್ತು, 2012ರಿಂದ ಇಂಗ್ಲಿಷೂ ನಡೆಯುತ್ತದೆ. ನಿಘಂಟು ನೋಡಿದರೆ ‘ರೋಗನಿರ್ಣಯ’ ಅನ್ನುತ್ತದೆ. ಹಾಗೇ ಬರೆದಿದ್ದರೆ ಪಾಪ ಗಿಡಕ್ಕೆ ಏನೋ ಕಾಯಿಲೆ ಅಂದುಕೊಳ್ಳುತ್ತಿದ್ದರು. ‘ಲಕ್ಷಣ’ ಎಂಬ ಪದವೇ ಸಾಕು ಅನ್ನಿಸುತ್ತದೆ. ಒಂದನ್ನು ಉಳಿದವುಗಳಿಂದ ಬೇರೆ ಮಾಡಿ ತೋರಿಸುವುದು ಎಂಬ ಅರ್ಥ ಅದಕ್ಕೆ ಮೊದಲಿನಿಂದಲೂ ಇದೆ.

‘ಟೈಪ್’ ಬಗ್ಗೆಯೂ ಹೇಳಿ. ಹೆಸರಿಗೆ ಆಧಾರವಾಗಿ ಇಟ್ಟುಕೊಳ್ಳುವ ಒಣಗಿಸಿದ ಗಿಡ ಅದು. ‘ಮಾದರಿ’ ಅಂದರೆ ಆ ಜಾತಿಯ ಒಳ್ಳೆಯ ನಮೂನೆ ಎಂಬ ಭಾವನೆ ಬರುತ್ತದೆ. ನಿಜದಲ್ಲಿ ಅದು ಸೊರಗಿದ ಗಿಡವೇ ಆಗಿರಬಹುದು. ಅದರ ಕೆಲಸ ಸಾಕ್ಷಿ ಹೇಳುವುದು ಅಷ್ಟೆ. ಗೆಳೆಯರೊಬ್ಬರು ಕೋರ್ಟಿನ ‘ಮುದ್ದೆಮಾಲು’ ಸರಿಹೋಗುತ್ತದೆ ಅಂದರು. ತಮಾಷೆಗೆ ಅಂದದ್ದು, ಆದರೆ ಅರ್ಥ ಸರಿಯಾಗಿಯೇ ಇದೆ! ಸದ್ಯಕ್ಕೆ ‘ಸಾಕ್ಷಿಗಿಡ’ ಎಂದು ಬರೆದಿದ್ದೇನೆ.

ಕ್ರಿಯಾಪದದ ಜಾಗದಲ್ಲಿ ಈಗ ‘2002ರಲ್ಲಿ ಲಕ್ಷಣ ಬರೆದು ಹೆಸರಿಟ್ಟರು’ ಎಂದಿದೆ. ಓದಲು ತೊಂದರೆಯಿಲ್ಲ. ಆದರೆ ‘ಮೊದಲ ಡಿಸ್ಕ್ರಿಪ್ಷನ್’ ಎಂದು ನಾಮಪದ ಬಂದಲ್ಲಿ ಇದನ್ನು ಮಡಚಿ ಒಂದೇ ಪದ ಮಾಡುವುದು ಹೇಗೆ? ‘ಹೆಸರಿಟ್ಟ ಬರಹ’ ಅಂದರೆ ಹೆಸರಿರುವ ಬರಹ ಎಂದು ಓದಿಕೊಳ್ಳುವ ಭಯ. ಇದಕ್ಕೊಂದು ಪದ ಹೇಳಿ.