ಸಹಾಯ ಬೇಕು: ಆಟದ ಪ್ಯಾಕೇಜನ್ನು ಸ್ಥಿರ ಎನ್ನುವುದು ಯಾವಾಗ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿರುವ ನಮ್ಮ ಯುವಕ ಮಂಡಲದ ಕಂಪ್ಯೂಟರ್‌ಗಳಲ್ಲಿ ಜೆಂಟೂ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇದೆ. ಸಂಜೆ ಮಕ್ಕಳು ಬಂದು ‘ಬ್ಯಾಟಲ್ ಫಾರ್ ವೆಸ್ನಾತ್’ ಎಂಬ ಯುದ್ಧತಂತ್ರದ ಆಟ ಆಡುತ್ತಾರೆ. ಅದರ ಹೊಸ ಆವೃತ್ತಿ 1.18 ಅನ್ನು ಜೆಂಟೂವಿನ ಸ್ಥಿರ ಸಾಲಿಗೆ, ಅಂದರೆ ಪರೀಕ್ಷೆ ಮುಗಿದು ಎಲ್ಲರ ಬಳಕೆಗೆ ಸಿದ್ಧವೆಂದು ಒಪ್ಪಿದವುಗಳ ಪಟ್ಟಿಗೆ, ಸೇರಿಸುವಂತೆ ಕೋರಿಕೆ ಸಲ್ಲಿಸಬೇಕೆಂದಿದ್ದೇನೆ.

ಜೆಂಟೂವಿನ ರೂಢಿಯಂತೆ ಪ್ಯಾಕೇಜು (ಅನುಸ್ಥಾಪನೆಗೆ ಸಿದ್ಧಪಡಿಸಿದ ತಂತ್ರಾಂಶ) ಪರೀಕ್ಷಾ ಸಾಲಿನಲ್ಲಿ 30 ದಿನ ಇದ್ದಿರಬೇಕು, ಗಂಭೀರ ದೋಷ ಬಾಕಿ ಇರಬಾರದು, ಅದು ಅವಲಂಬಿಸಿದ ಲೈಬ್ರರಿಗಳೂ (ಅದು ಬಳಸುವ ಇತರ ತಂತ್ರಾಂಶ ಭಾಗಗಳೂ) ಸ್ಥಿರವಾಗಿರಬೇಕು. ದಿನಗಳ ಲೆಕ್ಕ ಮುಗಿದಿದೆ. ಸ್ಥಿರ ಲೈಬ್ರರಿಗಳ ಜೊತೆಗೇ, ಆನ್‌ಲೈನ್ ಆಟ ನಡೆಸಿಕೊಡುವ ಸರ್ವರ್ ಆಯ್ಕೆಯನ್ನು ಸೇರಿಸಿಯೂ ಬಿಟ್ಟೂ ಮೂಲ ಕೋಡ್‌ನಿಂದ ಕಂಪೈಲ್ ಮಾಡಿ ನೋಡಿದೆ. ಆಟ ತೆರೆಯುತ್ತದೆ, ಶಬ್ದ ಸರಿಯಿದೆ, ತರಬೇತಿಯ ಭಾಗವೂ ಎಲ್ಲೂ ನಿಲ್ಲದೆ ಮುಗಿಯಿತು.

ತೊಡಕಿರುವುದು ಇಲ್ಲಿ. ವೆಸ್ನಾತ್ ತಂಡಕ್ಕೆ 1.16, 1.18ರಂಥ ಸಮಸಂಖ್ಯೆಯ ಸರಣಿಗಳೇ ಸ್ಥಿರ, 1.17ರಂಥವು ಅಭಿವೃದ್ಧಿಯ ಹಂತದವು. ಹಾಗಿದ್ದರೂ 1.16ರಲ್ಲಿ ಮಕ್ಕಳು ಅರ್ಧ ಆಡಿ ಉಳಿಸಿಟ್ಟದ್ದು 1.18ರಲ್ಲಿ ಮುಂದುವರಿಯುತ್ತಿಲ್ಲ. ಎರಡು ಸರಣಿಯವರು ಒಟ್ಟಿಗೆ ಆನ್‌ಲೈನ್‌ನಲ್ಲಿ ಆಡುವಂತೆಯೂ ಇಲ್ಲ. ಹಳೆಯದನ್ನೇ ಇಟ್ಟುಕೊಂಡರೆ ಎದುರಾಳಿಗಳು ಸಿಗುವುದಿಲ್ಲ. ಹೊಸದಕ್ಕೆ ಹೋದರೆ ಮಕ್ಕಳ ಶ್ರಮವೆಲ್ಲ ಹೋಗುತ್ತದೆ. ನನಗೆ ಎರಡೂ ಮುಖ್ಯ.

ಪ್ಯಾಕೇಜು ನೋಡಿಕೊಂಡ ಅನುಭವ ಇರುವವರು ದಯವಿಟ್ಟು ತಿಳಿಸಿ: ಉಳಿಸಿದ ಆಟ ತೆರೆಯದಿರುವುದನ್ನು ಸ್ಥಿರ ಸಾಲಿಗೆ ಸೇರಿಸದಂತೆ ತಡೆಯುವ ದೋಷವೆಂದು ವರದಿ ಮಾಡಬೇಕೇ, ಅಥವಾ ಅಪ್‌ಡೇಟ್ ವೇಳೆ ಬಳಕೆದಾರರಿಗೆ ಒಂದು ಎಚ್ಚರಿಕೆ ತೋರಿಸಿದರೆ ಸಾಕೇ?